ಕಾಣಿಕೆಯ ಜೊತೆಗೆ ಬರುವ ಮಾತು: ಸಭೆಯ ಖಜಾಂಚಿಯಾಗಿ ನನ್ನ ಅನುಭವ

"ಅಪ್ಪಾ, ನಾನು ಚಾವಣಿಗೆ ಅಂತ ಕೊಟ್ಟಿದ್ದೆ. ಆ ದುಡ್ಡು ಎಲ್ಲಿದೆ?"

2019ರ ವಾರ್ಷಿಕ ಮಹಾಸಭೆ. ನಾನು ನಮ್ಮ ಸಭೆಯ, ಅಂದರೆ ನಮ್ಮ ಚರ್ಚಿನ, ಖಜಾಂಚಿಯಾಗಿ ಒಂದು ವರ್ಷವಾಗಿತ್ತು. ವರದಿ ಓದಿ ಕೂತಿದ್ದೆ. ಎರಡನೇ ಸಾಲಿನಲ್ಲಿದ್ದ ವಯಸ್ಸಾದ ತಾಯಿಯೊಬ್ಬರು ಎದ್ದು ನಿಂತು ಈ ಮಾತು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅನುಮಾನವೂ ಇರಲಿಲ್ಲ. ಮಳೆ ಬಂದರೆ ಅವರು ಕೂರುವ ಬೆಂಚಿನ ಮೇಲೆಯೇ ಹನಿ ಬೀಳುತ್ತಿತ್ತು. ಅದಕ್ಕೆ ಕೇಳಿದರು.

"ಬ್ಯಾಂಕಿನಲ್ಲಿದೆ ಅಮ್ಮ" ಅಂದೆ. ನಿಜ ಅಂತ ನಂಬಿಯೇ ಹೇಳಿದೆ.

ಆ ರಾತ್ರಿ ಹಳೆಯ ರಸೀದಿ ಪುಸ್ತಕಗಳನ್ನು ಹೊರಗೆ ತೆಗೆದೆ. ಚಾವಣಿಗೆ ಅಂತ ಬರೆದಿದ್ದ ಪ್ರತಿಯೊಂದು ರಸೀದಿಯನ್ನೂ ಕೂಡಿಸುತ್ತಾ ಹೋದೆ. ಮುಗಿಸುವಷ್ಟರಲ್ಲಿ ಮಧ್ಯರಾತ್ರಿ ದಾಟಿತ್ತು. ಚಾವಣಿಗೆ ಬಂದ ಮೊತ್ತವೇ ಇಡೀ ಸಭೆಯ ಬ್ಯಾಂಕ್ ಬಾಕಿಗಿಂತ ಜಾಸ್ತಿ ಇತ್ತು. ಬಡವರ ನಿಧಿ, ಮಿಷನ್ ನಿಧಿ ಎಲ್ಲಾ ಬೇರೆ.

ಯಾರೂ ಕದ್ದಿರಲಿಲ್ಲ. ನನಗಿಂತ ಮೊದಲು ಲೆಕ್ಕ ನೋಡಿದವರು ಬಹಳ ಪ್ರಾಮಾಣಿಕರು. ಸ್ವಂತ ಕಿಸೆಯಿಂದ ಎಷ್ಟೋ ಸಲ ಹಾಕಿದ್ದರು. ಆದರೆ ಬಂದದ್ದೆಲ್ಲಾ ಒಂದೇ ಖಾತೆಗೆ ಹೋಗುತ್ತಿತ್ತು, ಒಂದೇ ಅಂಕಣದಲ್ಲಿ ಬರೆಯುತ್ತಿದ್ದರು. ಕಾಣಿಕೆ ಕಡಿಮೆ ಬಂದ ತಿಂಗಳು ಪಾಸ್ಟರ ಸಂಬಳ ಕೊಡಬೇಕು, ಕರೆಂಟ್ ಬಿಲ್ ಕಟ್ಟಬೇಕು. ಬ್ಯಾಂಕಿನಲ್ಲಿ ದುಡ್ಡು ಕಾಣುತ್ತಿತ್ತು, ಕಟ್ಟುತ್ತಿದ್ದರು. ಚಾವಣಿ ಹಾಗೆ ಸ್ವಲ್ಪ ಸ್ವಲ್ಪವಾಗಿ ಕರಗಿಹೋಗಿತ್ತು. ನಾನೂ ಒಂದು ವರ್ಷ ಅದನ್ನೇ ಮಾಡಿದ್ದೆ.

ಆಮೇಲಿನ ಆರು ವರ್ಷ ನಾನು ಮಾಡಿದ ಎಲ್ಲಾ ಕೆಲಸವೂ ಆ ತಾಯಿಯ ಪ್ರಶ್ನೆಯಿಂದಲೇ ಹುಟ್ಟಿದ್ದು. ಕಾಣಿಕೆ ಬರುವಾಗ ಅದರ ಜೊತೆ ಒಂದು ಮಾತೂ ಬರುತ್ತದೆ. ಇದು ಚಾವಣಿಗೆ, ಇದು ವಿಧವೆಯರಿಗೆ, ಇದು ನಿಮಗೆ ಸರಿ ಕಂಡದ್ದಕ್ಕೆ ಅಂತ. ದುಡ್ಡನ್ನು ಜೋಪಾನ ಮಾಡಿ ಆ ಮಾತನ್ನು ಕಳೆದುಕೊಂಡರೆ ಖಜಾಂಚಿ ಅರ್ಧ ಕೆಲಸ ಮಾತ್ರ ಮಾಡಿದ ಹಾಗೆ.

ಮೊದಲು ಕಮಿಟಿಗೆ ಹೇಳಿದೆ. ಸುಲಭ ಇರಲಿಲ್ಲ. "ಈಗ ಇದನ್ನೆಲ್ಲಾ ಎತ್ತಿದರೆ ಜನರ ನಂಬಿಕೆ ಹೋಗುತ್ತೆ, ಸುಮ್ನೆ ಮೆಲ್ಲಗೆ ತುಂಬಿಸೋಣ" ಅಂದರು ಕೆಲವರು. ಆಗ ಪಾಸ್ಟರ್ ಒಂದೇ ಪ್ರಶ್ನೆ ಕೇಳಿದರು: "ಆ ತಾಯಿ ಮತ್ತೆ ಕೇಳಿದರೆ ಏನು ಹೇಳ್ತೀರಿ?" ಮುಂದಿನ ತಿಂಗಳೇ ಸಭೆಯ ಮುಂದೆ ನಿಂತು ಎಷ್ಟು ಬಂದಿತ್ತು, ಎಷ್ಟು ಉಳಿದಿದೆ, ಹೇಗೆ ವಾಪಸ್ ಹಾಕುತ್ತೇವೆ ಅಂತ ಓದಿದೆವು. ಎರಡು ವರ್ಷದಲ್ಲಿ ತುಂಬುವ ಯೋಚನೆ ಇತ್ತು. 2020ರಲ್ಲಿ ದೇವಾಲಯದ ಬಾಗಿಲು ಮುಚ್ಚಿದ ತಿಂಗಳುಗಳಲ್ಲಿ ಅದು ನಿಂತೇಹೋಯಿತು. ಮೂರು ವರ್ಷ ಹಿಡಿಯಿತು. ನಂಬಿಕೆ ಹೋಗಲಿಲ್ಲ. ಆ ಪ್ರಕಟಣೆಯ ನಂತರವೇ ಚಾವಣಿಗೆ ಹೊಸದಾಗಿ ಕೊಟ್ಟವರು ಜಾಸ್ತಿ.

ನಗದು ಪುಸ್ತಕವನ್ನು ಬದಲಾಯಿಸಿದೆ. ಒಂದೇ ಅಂಕಣದ ಬದಲು ನಾಲ್ಕು: ಸಾಮಾನ್ಯ ನಿಧಿ, ಕಟ್ಟಡ ನಿಧಿ, ಬಡವರ ನಿಧಿ, ಮಿಷನ್ ನಿಧಿ. ಜಮಾ ಆಗಲಿ ಖರ್ಚಾಗಲಿ, ಪ್ರತಿಯೊಂದೂ ಯಾವುದಾದರೂ ಒಂದು ನಿಧಿಯ ಅಂಕಣಕ್ಕೆ ಬೀಳಲೇಬೇಕು. ತಿಂಗಳ ಕೊನೆಗೆ ನಾಲ್ಕೂ ನಿಧಿಗಳ ಬಾಕಿ ಕೂಡಿಸಿದರೆ ಬ್ಯಾಂಕ್ ಮತ್ತು ಕೈನಗದು ಸೇರಿಸಿದ ಮೊತ್ತಕ್ಕೆ ಸರಿಯಾಗಬೇಕು. ಹೀಗೆ ಮಾಡಿದರೆ ಬ್ಯಾಂಕ್ ಖಾತೆ ಒಂದೇ ಇದ್ದರೂ ತೊಂದರೆಯಿಲ್ಲ. ಆದರೂ ನಾವು ಕಟ್ಟಡ ನಿಧಿಗೆ ಬೇರೆ ಖಾತೆ ತೆರೆದೆವು. ಬಿಲ್ ಕಟ್ಟುವ ಅವಸರದಲ್ಲಿ ಯಾರ ಕೈಯೂ ಗೊತ್ತಿಲ್ಲದೆ ಅಲ್ಲಿಗೆ ಹೋಗಬಾರದು ಅಂತ. ಸಾಮಾನ್ಯ ನಿಧಿ ಸಾಲದೆ ಹೋದರೆ ಅದು ಸೊನ್ನೆಗಿಂತ ಕೆಳಗೆ ಇಳಿದದ್ದು ಕಮಿಟಿಗೆ ಕಾಣುತ್ತದೆ. ಕಾಣುವುದೇ ಮುಖ್ಯ. ಮೊದಲು ಅದು ಕಾಣುತ್ತಿರಲಿಲ್ಲ.

"ಇದೆಲ್ಲಾ ವ್ಯಾಪಾರದ ರೀತಿ, ದೇವರ ಮನೆಗೆ ಯಾಕೆ?" ಅಂತ ಹಿರಿಯರೊಬ್ಬರು ಕೇಳಿದರು. ಅವರ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಜಮಾ-ಖರ್ಚನ್ನು ಎರಡೂ ಕಡೆ ಬರೆಯುವ ಪದ್ಧತಿಯನ್ನು ವಿವರಿಸಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದವರು ಲೂಕಾ ಪಾಚೋಲಿ. ಅವರು ಫ್ರಾನ್ಸಿಸ್ಕನ್ ಸನ್ಯಾಸಿ. ಬಡತನದ ವ್ರತ ತೊಟ್ಟವರೇ ವರ್ತಕರ ಲೆಕ್ಕವನ್ನು ಬರೆದಿಟ್ಟರು. ಇದನ್ನು ಹೇಳಿದಾಗ ಆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನನಗೂ ಓದೋಕೆ ಕಲಿಸಿ" ಅಂದರು. ಆಮೇಲೆ ತಿಂಗಳ ಪಟ್ಟಿಯನ್ನು ನನಗಿಂತ ಚೆನ್ನಾಗಿ ಓದುತ್ತಿದ್ದವರು ಅವರೇ.

ಕಾಣಿಕೆ ಎಣಿಸುವ ವಿಷಯದಲ್ಲಿ ನಾನು ಹಟ ಹಿಡಿದೆ. ಮೊದಲು ಆರಾಧನೆ ಮುಗಿದ ಮೇಲೆ ಖಜಾಂಚಿ ಒಬ್ಬರೇ ಕೋಣೆಯಲ್ಲಿ ಕೂತು ಎಣಿಸಿ, ಚೀಲ ಮನೆಗೆ ತೆಗೆದುಕೊಂಡು ಹೋಗುತ್ತಿದ್ದರು. ಒಂದು ವರ್ಷ ನಾನೂ ಹಾಗೆಯೇ ಮಾಡಿದೆ. ಆ ಚೀಲ ಮನೆಯಲ್ಲಿದ್ದ ಭಾನುವಾರ ರಾತ್ರಿಗಳು ನನಗೆ ನಿದ್ದೆ ಬರುತ್ತಿರಲಿಲ್ಲ. ಕಳ್ಳರ ಭಯ ಒಂದು ಕಡೆ. ಯಾರಾದರೂ "ಇಷ್ಟೇನಾ ಬಂದದ್ದು?" ಅಂದರೆ ನನ್ನ ಪರವಾಗಿ ಹೇಳುವವರು ಯಾರೂ ಇಲ್ಲವಲ್ಲ ಅನ್ನುವುದು ಇನ್ನೊಂದು ಕಡೆ.

ಬೈಬಲಿನ ಎರಡನೆಯ ಅರಸುಗಳು ಪುಸ್ತಕದ 12ನೇ ಅಧ್ಯಾಯದಲ್ಲಿ ಅರಸ ಯೋವಾಷನ ಕಾಲದ ಒಂದು ಪ್ರಸಂಗ ಇದೆ. ದೇವಾಲಯದ ದುರಸ್ತಿಗೆ ಹಣ ಕೂಡಿಸಿ ಅಂತ ಯಾಜಕರಿಗೆ ಹೇಳಿದ್ದ. ಅವನ ಆಳ್ವಿಕೆಯ 23ನೇ ವರ್ಷ ಬಂದರೂ ದುರಸ್ತಿ ಆಗಿರಲಿಲ್ಲ. ಆಗ ಯಾಜಕನಾದ ಯೆಹೋಯಾದನು ಒಂದು ಪೆಟ್ಟಿಗೆ ತಂದು, ಮುಚ್ಚಳದಲ್ಲಿ ತೂತು ಕೊರೆದು, ಯಜ್ಞವೇದಿಯ ಪಕ್ಕ ಇಟ್ಟ. ಪೆಟ್ಟಿಗೆ ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಬಂದು ಎಣಿಸಿ ಚೀಲಕ್ಕೆ ಕಟ್ಟುತ್ತಿದ್ದರು. ಆ ಇಬ್ಬರು ಎರಡು ಬೇರೆ ಕಡೆಯವರು ಅನ್ನುವುದನ್ನು ಗಮನಿಸಿ. ಒಬ್ಬ ಅರಮನೆಯವ, ಒಬ್ಬ ದೇವಾಲಯದವ. ಇದನ್ನೇ ಕಮಿಟಿಯಲ್ಲಿ ಓದಿದೆ.

ಒಬ್ಬರು ಅದೇ ಅಧ್ಯಾಯದ 15ನೇ ವಚನ ತೋರಿಸಿದರು. ಕೆಲಸದವರಿಗೆ ಕೂಲಿ ಕೊಡಲು ಹಣ ತೆಗೆದುಕೊಂಡವರು ನಂಬಿಗಸ್ತರಾಗಿದ್ದರಿಂದ ಅವರಿಂದ ಲೆಕ್ಕ ಕೇಳಲಿಲ್ಲ ಅಂತ ಅಲ್ಲಿದೆ. "ನೋಡಿ, ನಂಬಿಕೆ ಇದ್ದರೆ ಲೆಕ್ಕ ಬೇಕಿಲ್ಲ, ಅಲ್ವಾ?" ಅಂದರು. ಒಳ್ಳೆಯ ಪ್ರಶ್ನೆ. ನಾನು ಒಂದು ವಾರ ಯೋಚಿಸಿದೆ. ಆ ನಂಬಿಕೆ ಬಂದದ್ದು ಪೆಟ್ಟಿಗೆ ಮತ್ತು ಇಬ್ಬರ ಎಣಿಕೆ ಶುರುವಾದ ಮೇಲೆ. ಅದಕ್ಕೆ ಮೊದಲಿನ ವರ್ಷಗಳಲ್ಲಿ ಬರೀ ನಂಬಿಕೆಯೇ ಇತ್ತು, ದುರಸ್ತಿ ಆಗಿರಲಿಲ್ಲ. ಹಾಗಂತ ಉತ್ತರ ಕೊಟ್ಟೆ. ಅವರು ಪೂರ್ತಿ ಒಪ್ಪಲಿಲ್ಲ, ಆದರೆ ಎಣಿಸುವವರ ಪಟ್ಟಿಯಲ್ಲಿ ತಮ್ಮ ಹೆಸರು ಬರೆಸಿದರು.

ನಮ್ಮ ರೀತಿ ಹೀಗೆ. ಪ್ರತಿ ಭಾನುವಾರ ಇಬ್ಬರು ಎಣಿಸುತ್ತಾರೆ. ಗಂಡ-ಹೆಂಡತಿ ಆಗಬಾರದು, ಒಂದೇ ಮನೆಯವರಾಗಬಾರದು. ಜೋಡಿ ಬದಲಾಗುತ್ತಲೇ ಇರುತ್ತದೆ. ಖಜಾಂಚಿ ಎಣಿಸುವುದೇ ಇಲ್ಲ. ಒಂದು ಹಾಳೆಯಲ್ಲಿ ಯಾವ ನೋಟು ಎಷ್ಟು, ಚಿಲ್ಲರೆ ಎಷ್ಟು, ಕವರ್‌ಗಳ ಮೇಲೆ ಯಾವ ನಿಧಿಯ ಹೆಸರಿತ್ತು ಅಂತ ಬರೆದು ಇಬ್ಬರೂ ಸಹಿ ಹಾಕುತ್ತಾರೆ. ಒಂದು ಪ್ರತಿ ಖಜಾಂಚಿಗೆ, ಒಂದು ಪ್ರತಿ ಕಾರ್ಯದರ್ಶಿಗೆ. ಹಣ ಎರಡು ಬೀಗದ ಪೆಟ್ಟಿಗೆಗೆ ಹೋಗುತ್ತದೆ. ಒಂದು ಬೀಗದ ಕೈ ಖಜಾಂಚಿಯ ಹತ್ತಿರ, ಇನ್ನೊಂದು ಕಾರ್ಯದರ್ಶಿಯ ಹತ್ತಿರ. ಸೋಮವಾರ ಪೂರ್ತಿ ಮೊತ್ತ ಬ್ಯಾಂಕಿಗೆ. ಪೂರ್ತಿ ಅಂದರೆ ಪೂರ್ತಿ. ಭಾನುವಾರದ ಕಾಣಿಕೆಯಿಂದಲೇ ಹೂವಿಗೆ, ಮೇಣದ ಬತ್ತಿಗೆ ಅಂತ ತೆಗೆದುಕೊಡುವ ಅಭ್ಯಾಸ ಇತ್ತು. ಅದನ್ನು ನಿಲ್ಲಿಸಿದೆ. ಎಣಿಕೆ ಹಾಳೆ, ಬ್ಯಾಂಕಿನ ಚಲನ್, ನಗದು ಪುಸ್ತಕ ಮೂರರಲ್ಲೂ ಒಂದೇ ಅಂಕಿ ಇರಬೇಕು.

ಸಣ್ಣ ಖರ್ಚಿಗೆ ಬೇರೆ ಡಬ್ಬಿ ಇಟ್ಟೆವು. ಅದರಲ್ಲಿ ಒಂದು ನಿಗದಿ ಮೊತ್ತ. ತೆಗೆದುಕೊಂಡವರು ವೋಚರ್, ಅಂದರೆ ಖರ್ಚಿನ ಚೀಟಿ, ಹಾಕಬೇಕು. ಯಾವತ್ತು ತೆರೆದರೂ ಉಳಿದ ನಗದು ಮತ್ತು ವೋಚರ್‌ಗಳು ಸೇರಿ ಆ ನಿಗದಿ ಮೊತ್ತವೇ ಆಗಬೇಕು. ಖಾಲಿಯಾಗುತ್ತಾ ಬಂದಾಗ ವೋಚರ್‌ಗಳ ಮೊತ್ತಕ್ಕೆ ಚೆಕ್ ಬರೆದು ತುಂಬುವುದು.

ಲೆಕ್ಕ ತಾಳೆಯಾಗದಿದ್ದಾಗ ನನಗೆ ತುಂಬಾ ಉಪಯೋಗಕ್ಕೆ ಬಂದ ಒಂದು ವಿಷಯ ಹೇಳಿಬಿಡುತ್ತೇನೆ. ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿ. ಶೇಷವಿಲ್ಲದೆ ಭಾಗವಾದರೆ ಎಲ್ಲೋ ಅಂಕಿಗಳು ಹಿಂದುಮುಂದಾಗಿರುವ ಸಾಧ್ಯತೆ ಜಾಸ್ತಿ. 540 ಅನ್ನು 450 ಅಂತ ಬರೆದರೆ ವ್ಯತ್ಯಾಸ 90. 72 ಅನ್ನು 27 ಅಂತ ಬರೆದರೆ 45. ಎರಡೂ 9ರ ಮಗ್ಗಿಯಲ್ಲಿವೆ. ವ್ಯತ್ಯಾಸ ಸಮಸಂಖ್ಯೆಯಾಗಿದ್ದರೆ ಅದರ ಅರ್ಧವನ್ನೂ ಹುಡುಕಿ ನೋಡಿ. ಜಮಾ ಬರೆಯಬೇಕಾದ್ದನ್ನು ಖರ್ಚಿನ ಕಡೆ ಬರೆದಿರಬಹುದು. ಎಷ್ಟೋ ಸಂಜೆಗಳು ಇದರಿಂದ ಉಳಿದಿವೆ.

ಪಾಸ್ಟರ ವಿಷಯಕ್ಕೆ ಬರುತ್ತೇನೆ. ಯಾರು ಎಷ್ಟು ಕೊಟ್ಟರು ಅನ್ನುವುದು ಪಾಸ್ಟರಿಗೆ ತಿಳಿಯಬೇಕೇ? ಬೇರೆ ಬೇರೆ ಸಭೆಗಳಲ್ಲಿ ಬೇರೆ ಬೇರೆ ಅಭಿಪ್ರಾಯ ಇದೆ. ನಮ್ಮ ಪಾಸ್ಟರ್ ತಾವಾಗಿಯೇ ಬೇಡ ಅಂದರು. ಕಾಯಿಲೆ ಬಿದ್ದವರ ಮನೆಗೆ ಪ್ರಾರ್ಥನೆಗೆ ಹೋಗುವಾಗ ಆ ಅಂಕಿ ತಮ್ಮ ತಲೆಯಲ್ಲಿ ಇರಬಾರದು ಅಂದರು. ಹಾಗಾಗಿ ಕವರ್‌ಗಳಿಗೆ ಹೆಸರಿನ ಬದಲು ನಂಬರ್ ಕೊಟ್ಟೆವು. ಯಾವ ನಂಬರ್ ಯಾರದು ಅನ್ನುವ ಪಟ್ಟಿ ಒಬ್ಬರ ಹತ್ತಿರ ಮಾತ್ರ ಇತ್ತು. ಅವರ ಬಾಯಿಂದ ಏಳು ವರ್ಷದಲ್ಲಿ ಒಂದು ಹೆಸರೂ ಹೊರಗೆ ಬಂದಿಲ್ಲ.

ಬಡವರ ನಿಧಿಗೂ ಹೀಗೆಯೇ. ಯಾರಿಗೆ ಸಹಾಯ ಹೋಯಿತು ಅಂತ ಇಬ್ಬರಿಗೆ ಮಾತ್ರ ಗೊತ್ತು. ವಾರ್ಷಿಕ ವರದಿಯಲ್ಲಿ ಎಷ್ಟು ಮನೆಗಳಿಗೆ, ಒಟ್ಟು ಎಷ್ಟು ಅಂತ ಮಾತ್ರ ಬರುತ್ತದೆ. ವೋಚರ್‌ನಲ್ಲಿ ಹೆಸರು ಇರುತ್ತದೆ, ಅದನ್ನು ಲೆಕ್ಕ ಪರಿಶೋಧಕರು ನೋಡುತ್ತಾರೆ. ಕಷ್ಟದಲ್ಲಿ ಕೈಚಾಚಿದವರ ಹೆಸರು ಮಹಾಸಭೆಯಲ್ಲಿ ಓದಿದರೆ ಮುಂದಿನ ಸಲ ಅವರು ಹಸಿದುಕೊಂಡೇ ಇರುತ್ತಾರೆ, ಆದರೆ ಕೇಳುವುದಿಲ್ಲ.

ಪಾಸ್ಟರ ಸಂಬಳದ ಮಾತು ಬಂದಾಗ ಅವರು ಹೊರಗೆ ಹೋಗುತ್ತಾರೆ. ಸಭೆಯ ಕೆಲಸಕ್ಕೆ ಓಡಾಡಿದ ಖರ್ಚನ್ನು ಸಂಬಳದಲ್ಲಿ ಸೇರಿಸದೆ ಬೇರೆ ಕೊಡುತ್ತೇವೆ. ಮೊದಲು ಎರಡನ್ನೂ ಒಂದೇ ಸಾಲಿನಲ್ಲಿ ತೋರಿಸುತ್ತಿದ್ದೆವು. ಅವರಿಗೆ ಸಂಬಳ ಬಹಳ ಇದೆ ಅಂತ ಜನ ತಿಳಿದುಕೊಂಡಿದ್ದರು. ಆ ತಪ್ಪು ಲೆಕ್ಕದ್ದು, ನೋವು ಮಾತ್ರ ಅವರ ಮನೆಯವರದ್ದು.

ಎಲ್ಲಾ ಕೊಡುಗೆಯನ್ನೂ ತೆಗೆದುಕೊಳ್ಳಬಾರದು ಅಂತಲೂ ಕಲಿತೆ. ಒಬ್ಬರು ದೊಡ್ಡ ವಾದ್ಯವೊಂದನ್ನು ಕೊಡಲು ಮುಂದೆ ಬಂದರು. ಸಂತೋಷದ ವಿಷಯವೇ. ಆದರೆ ಅದಕ್ಕೆ ಜಾಗ ಬೇಕು, ವರ್ಷಾವರ್ಷ ಶ್ರುತಿ ಸರಿ ಮಾಡಿಸಬೇಕು, ಆ ಖರ್ಚು ಸಾಮಾನ್ಯ ನಿಧಿಯ ತಲೆಗೆ. ಪಾಸ್ಟರೂ ನಾನೂ ಅವರ ಮನೆಗೆ ಹೋಗಿ ಕೂತು ಮಾತಾಡಿದೆವು. ಕೊನೆಗೆ ಅವರು ಆ ಮೊತ್ತವನ್ನು ಮಕ್ಕಳಿಗೆ ಸಂಗೀತ ಕಲಿಸಲು ಕೊಟ್ಟರು. ಈಗ ನಮ್ಮ ರಸೀದಿಯ ಕೆಳಗೆ ಒಂದು ಸಾಲು ಅಚ್ಚಾಗಿದೆ: ಉದ್ದೇಶ ಮುಗಿದು ಹಣ ಉಳಿದರೆ, ಅದಕ್ಕೆ ಹತ್ತಿರವಾದ ಕೆಲಸಕ್ಕೆ ಕಮಿಟಿ ಬಳಸಬಹುದು. ಕೊಡುವ ಮೊದಲೇ ಅವರಿಗೆ ಗೊತ್ತಿರುತ್ತದೆ.

ಬಜೆಟ್ ಮಾಡುವಾಗ ನಾನು ಮೂರು ವರ್ಷದ ಅಂಕಿಗಳನ್ನು ಪಕ್ಕಪಕ್ಕ ಇಡುತ್ತಿದ್ದೆ. ಸಂಬಳ, ಕರೆಂಟ್, ವಿಮೆ, ಮೇಲಿನ ಆಡಳಿತಕ್ಕೆ ಕಳಿಸುವ ಪಾಲು ಎಲ್ಲಾ ತಪ್ಪದ ಖರ್ಚುಗಳು, ಮೊದಲು ಅವು. ಮೂರು ತಿಂಗಳ ಖರ್ಚಿನಷ್ಟು ಮೀಸಲು ನಿಧಿ ಇಡಬೇಕು ಅಂತ ಗುರಿ ಇಟ್ಟುಕೊಂಡೆವು. ಅಲ್ಲಿಗೆ ಮುಟ್ಟಲು ಐದು ವರ್ಷ ಬೇಕಾಯಿತು. ಚಾವಣಿ ಹೊಸದಾಗಿ ಹಾಕಿದ ವರ್ಷವೇ ಮುಂದಿನ ಚಾವಣಿಗೂ ಒಂದು ಸಾಲು ಬರೆದೆ. 20 ವರ್ಷ ಬಾಳುತ್ತದೆ ಅಂದರೆ ಪ್ರತಿ ವರ್ಷ ಅದರ ಬೆಲೆಯ 20ರಲ್ಲಿ ಒಂದು ಭಾಗ ಎತ್ತಿಡಬೇಕು.

ಇಲ್ಲಿ ನನ್ನನ್ನು ಬಹಳ ಕಾಡಿದ್ದು ಈಸ್ಟರ್. ನಮ್ಮ ಲೆಕ್ಕದ ವರ್ಷ ಏಪ್ರಿಲ್ 1ಕ್ಕೆ ಶುರು, ಮಾರ್ಚ್ 31ಕ್ಕೆ ಮುಗಿಯುತ್ತದೆ. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಯಾವ ಭಾನುವಾರ ಬೇಕಾದರೂ ಬರಬಹುದು. 2023ರಲ್ಲಿ ಏಪ್ರಿಲ್ 9ಕ್ಕೆ ಬಂತು, 2024ರಲ್ಲಿ ಮಾರ್ಚ್ 31ಕ್ಕೆ. ಅಂದರೆ 2023-24ರ ಒಂದೇ ಲೆಕ್ಕದ ವರ್ಷದಲ್ಲಿ ಎರಡು ಈಸ್ಟರ್ ಕಾಣಿಕೆ. ಅದೂ ಸಾಲದು ಅಂತ ಆ ವರ್ಷ 53 ಭಾನುವಾರಗಳು. ಮುಂದಿನ ಈಸ್ಟರ್ 2025ರ ಏಪ್ರಿಲ್ 20ಕ್ಕೆ ಹೋಯಿತು. 2024-25ರಲ್ಲಿ ಒಂದು ಈಸ್ಟರೂ ಇಲ್ಲ, ಶುಭ ಶುಕ್ರವಾರವೂ ಇಲ್ಲ, ಭಾನುವಾರಗಳು 52.

2025ರಲ್ಲಿ ಲೆಕ್ಕ ಮುಗಿಸಿ ಕಮಿಟಿ ಮುಂದೆ ಇಟ್ಟಾಗ ಎಲ್ಲರ ಮುಖ ಬಾಡಿತು. ಕಾಣಿಕೆ ಅಷ್ಟು ಇಳಿದಿತ್ತು. ಜನರ ಭಕ್ತಿ ಕಡಿಮೆಯಾಗಿದೆ ಅಂದರು ಒಬ್ಬರು. ಪಾಸ್ಟರ ಉಪದೇಶ ಮೊದಲಿನ ಹಾಗಿಲ್ಲ ಅಂದರು ಇನ್ನೊಬ್ಬರು. ನನಗೆ ಸಂಕಟವಾಯಿತು. ಮನೆಗೆ ಬಂದು ಎರಡೂ ವರ್ಷಗಳಿಂದ ಹಬ್ಬದ ಕಾಣಿಕೆಗಳನ್ನು ಬೇರೆ ಮಾಡಿದೆ. ಉಳಿದದ್ದನ್ನು ಸಾಮಾನ್ಯ ಭಾನುವಾರಗಳ ಸಂಖ್ಯೆಯಿಂದ ಭಾಗಿಸಿದೆ. ಒಂದು ಭಾನುವಾರದ ಸರಾಸರಿ ಸ್ವಲ್ಪ ಏರಿತ್ತು! ಮರುದಿನ ಬೆಳಗ್ಗೆಯೇ ಪಾಸ್ಟರ ಮನೆಗೆ ಓಡಿದೆ. ಈಗ ವರದಿಯಲ್ಲಿ ಹಬ್ಬದ ಕಾಣಿಕೆಗೆ ಬೇರೆ ಸಾಲು, ಭಾನುವಾರದ ಕಾಣಿಕೆಗೆ ಬೇರೆ ಸಾಲು. ಪಕ್ಕದಲ್ಲಿ ಭಾನುವಾರಗಳು ಎಷ್ಟು ಅಂತಲೂ ಬರೆಯುತ್ತೇವೆ. ಇಷ್ಟು ಚಿಕ್ಕ ವಿಷಯ ಒಬ್ಬ ಮನುಷ್ಯನ ಸೇವೆಯ ಮೇಲೆ ತೀರ್ಪಾಗಲಿತ್ತು.

2024ರ ಆ ಈಸ್ಟರ್ ಭಾನುವಾರ ಲೆಕ್ಕದ ವರ್ಷದ ಕೊನೆಯ ದಿನವೂ ಹೌದು. ಎಣಿಸಿದ್ದು ಮಾರ್ಚ್ 31ಕ್ಕೆ, ಬ್ಯಾಂಕಿಗೆ ಹೋದದ್ದು ಏಪ್ರಿಲ್‌ನಲ್ಲಿ. ನಗದು ಪುಸ್ತಕದಲ್ಲಿ ಇದೆ, ಪಾಸ್‌ಬುಕ್‌ನಲ್ಲಿ ಇಲ್ಲ. ಇಂಥದ್ದಕ್ಕೆ ಬ್ಯಾಂಕ್ ಹೊಂದಾಣಿಕೆ ಪಟ್ಟಿ ಬೇಕು, ಅಂದರೆ ನಮ್ಮ ಪುಸ್ತಕಕ್ಕೂ ಬ್ಯಾಂಕಿನ ಅಂಕಿಗೂ ಯಾಕೆ ವ್ಯತ್ಯಾಸ ಅಂತ ತೋರಿಸುವ ಪಟ್ಟಿ. ವರ್ಷಕ್ಕೊಮ್ಮೆ ಅಲ್ಲ, ಪ್ರತಿ ತಿಂಗಳೂ ಮಾಡಿ. ಅದನ್ನು ಖಜಾಂಚಿಯಲ್ಲದ ಒಬ್ಬರು ನೋಡಿ ಸಹಿ ಹಾಕಲಿ.

ಪರಿಶೋಧನೆಗೆ ಕಮಿಟಿಯವರಲ್ಲದ, ಖಜಾಂಚಿಯ ಸಂಬಂಧಿಕರಲ್ಲದ ಇಬ್ಬರನ್ನು ಮಹಾಸಭೆಯೇ ಆರಿಸುತ್ತದೆ. ಮೊದಲ ಸಲ ಅವರು ವೋಚರ್ ಕೇಳಿದಾಗ ನನ್ನ ಮನಸ್ಸು ಚುಚ್ಚಿದ್ದು ನಿಜ. ಆಗ ಬೈಬಲಿನಲ್ಲಿ ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೇ ಅಧ್ಯಾಯ ಓದಿದೆ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಪೌಲ ಒಬ್ಬನೇ ಒಯ್ಯಲಿಲ್ಲ. ಸಭೆಗಳು ಆರಿಸಿದವರನ್ನು ಜೊತೆಗೆ ಇಟ್ಟುಕೊಂಡ. ಯಾರೂ ತಪ್ಪು ಹೊರಿಸಬಾರದು, ದೇವರ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅಂತ ಕಾರಣವನ್ನೂ ಬರೆದ. ಪೌಲನಿಗೇ ಅದು ಬೇಕಿತ್ತು ಅಂದರೆ ನನಗೆ ಬೇಡವೇ?

ಮಹಾಸಭೆ ನಡೆಸುವುದು ಬೇರೆಯದೇ ಕೆಲಸ. 1863ರಲ್ಲಿ ಅಮೆರಿಕದ ನ್ಯೂ ಬೆಡ್‌ಫರ್ಡ್‌ನ ಒಂದು ದೇವಾಲಯದಲ್ಲಿ ಹೆನ್ರಿ ಮಾರ್ಟಿನ್ ರಾಬರ್ಟ್ ಅನ್ನುವ ಸೇನಾ ಇಂಜಿನಿಯರನ್ನು ಅಧ್ಯಕ್ಷರಾಗಿ ಕೂರಿಸಿದರು. ಸಭೆ ಗದ್ದಲಕ್ಕೆ ತಿರುಗಿತು, ಅವರಿಗೆ ಹಿಡಿತ ಸಿಗಲಿಲ್ಲ. ಆ ದಿನದ ಸಂಕೋಚದಿಂದ ಕಲಿಯಲು ಶುರು ಮಾಡಿ, 1876ರಲ್ಲಿ ಸಭಾ ನಿಯಮಗಳ ಪುಸ್ತಕವನ್ನೇ ತಂದರು. ನಮ್ಮಲ್ಲೂ ಗದ್ದಲ ಆಗುತ್ತಿತ್ತು. ಕಾರಣ ಹುಡುಕಿದಾಗ ಗೊತ್ತಾಯಿತು: ಜನ ವರದಿಯನ್ನು ಮೊದಲ ಸಲ ನೋಡುತ್ತಿದ್ದದ್ದೇ ಮಹಾಸಭೆಯಲ್ಲಿ. ಅಂಕಿ ಅರ್ಥವಾಗುವ ಮೊದಲೇ ಕೈ ಎತ್ತಿ ಅನ್ನುತ್ತಿದ್ದೆವು.

ಈಗ ನೋಟಿಸ್ ಮೂರು ವಾರ ಮೊದಲು ಹೋಗುತ್ತದೆ. ವರದಿ ಒಂದು ವಾರ ಮೊದಲು ಪ್ರತಿ ಮನೆಗೆ. ಮಹಾಸಭೆಗೆ ಎರಡು ದಿನ ಮುಂಚೆ ಒಂದು ಸಂಜೆ ಖಜಾಂಚಿ ಪುಸ್ತಕಗಳನ್ನೆಲ್ಲಾ ಮೇಜಿನ ಮೇಲೆ ಇಟ್ಟು ಕೂರುತ್ತಾರೆ. ಯಾರು ಬೇಕಾದರೂ ಬಂದು ಏನು ಬೇಕಾದರೂ ಕೇಳಬಹುದು. ಮೊದಲ ವರ್ಷ ನಾಲ್ಕು ಜನ ಬಂದರು. ನಾಚಿಕೆ ಸ್ವಭಾವದವರು, ಓದು ಬರಹ ಕಡಿಮೆ ಇರುವವರು, ಮೈಕ್ ಮುಂದೆ ಎಂದೂ ಮಾತಾಡದವರು. ಅವರು ಕೇಳಿದ ಪ್ರಶ್ನೆಗಳಷ್ಟು ಒಳ್ಳೆಯ ಪ್ರಶ್ನೆಗಳನ್ನು ಕಮಿಟಿಯಲ್ಲಿ ಯಾರೂ ಕೇಳಿರಲಿಲ್ಲ. ಚಾವಣಿಯ ತಾಯಿಯೂ ಬಂದಿದ್ದರು. ಕಟ್ಟಡ ನಿಧಿಯ ಪುಟವನ್ನು ಬೆರಳಿಟ್ಟು ಓದಿ, ಬಾಕಿಯ ಅಂಕಿಯನ್ನು ಎರಡು ಸಲ ಜೋರಾಗಿ ಹೇಳಿದರು.

ನಡಾವಳಿ ಬರೆಯುವವರಿಗೆ ಒಂದು ಮಾತು. ಯಾರು ಏನೆಂದರು ಅನ್ನುವುದಕ್ಕಿಂತ ಏನು ತೀರ್ಮಾನವಾಯಿತು, ಯಾರು ಸೂಚಿಸಿದರು, ಯಾರು ಅನುಮೋದಿಸಿದರು, ಖರ್ಚು ಯಾವ ನಿಧಿಯಿಂದ ಅನ್ನುವುದು ಸ್ಪಷ್ಟವಾಗಿರಲಿ. ಕೋರಂ, ಅಂದರೆ ಸಭೆ ನಡೆಸಲು ಬೇಕಾದಷ್ಟು ಜನ, ಇತ್ತೇ ಅನ್ನುವುದನ್ನು ಮೊದಲ ಸಾಲಿನಲ್ಲೇ ಬರೆಯಿರಿ.

ಏಳು ವರ್ಷದ ನಂತರ, 2025ರ ಮಹಾಸಭೆಯಲ್ಲಿ ನಾನು ಜವಾಬ್ದಾರಿ ಬಿಟ್ಟೆ. ಯಾರೂ ಬಿಡಿ ಅನ್ನಲಿಲ್ಲ. ಒಬ್ಬರೇ ಬಹಳ ವರ್ಷ ನೋಡಿಕೊಂಡರೆ ಲೆಕ್ಕ ಮತ್ತೆ ಒಬ್ಬರ ನೆನಪಿನೊಳಗೆ ಹೋಗಿ ಸೇರುತ್ತದೆ. ಹೊಸ ಖಜಾಂಚಿ ಇಪ್ಪತ್ತರ ಹರೆಯದ ಹುಡುಗಿ, ಅಂಕಿಗಳನ್ನು ಪ್ರೀತಿಸುವವಳು. ಒಂದು ಶನಿವಾರ ಪೂರ್ತಿ ಕೂತೆವು. ಅವಳ ಮುಂದೆ ಕೈನಗದು ಎಣಿಸಿದೆ, ಅವಳು ಮತ್ತೊಮ್ಮೆ ಎಣಿಸಿದಳು. ರಸೀದಿ ಪುಸ್ತಕಗಳ ನಂಬರ್ ಬರೆದುಕೊಂಡಳು. ಖಾಲಿ ಉಳಿದ ಚೆಕ್‌ಗಳನ್ನು ಒಂದೊಂದಾಗಿ ನೋಡಿದಳು. ನಾಲ್ಕು ನಿಧಿಗಳ ಬಾಕಿ ಕೂಡಿಸಿ ಬ್ಯಾಂಕಿನ ಅಂಕಿಗೆ ತಾಳೆ ನೋಡಿದಳು. ಸರಿಯಾಯಿತು. ಇಬ್ಬರೂ ಸಹಿ ಹಾಕಿದೆವು.

ಪೆಟ್ಟಿಗೆಯ ಬೀಗದ ಕೈ ಕೊಟ್ಟೆ. ಅವಳು ಅದನ್ನು ನೋಡಿ, "ಅಂಕಲ್, ಇನ್ನೊಂದು?" ಅಂದಳು.

"ಅದು ನಿನಗಲ್ಲಮ್ಮ. ಕಾರ್ಯದರ್ಶಿ ಹತ್ತಿರ ಇದೆ."